ಚಳಿಗಾಲದಲ್ಲಿ ನಮ್ಮ ಹಿತ್ತಲ ಕೋಳಿ

ಅಕ್ಕ, ನಿಮ್ಮ ಮನೆಯಲ್ಲಿ ಎಷ್ಟು ಕೋಳಿ ಇವೆ? ನಾಲ್ಕು? ಆರು? ಒಂದು ಹುಂಜ, ಮೂರು ಹ್ಯಾಟೆ, ಅದರ ಹಿಂದೆ ಒಂದು ಹಿಂಡು ಮರಿ?

ನಮ್ಮ ಮನೆಗಳಲ್ಲೂ ಅಷ್ಟೇ. ನಾವು ಕೋಲಾರ, ಚಿಕ್ಕಬಳ್ಳಾಪುರದ ಕಡೆಯ ಹೆಣ್ಣುಮಕ್ಕಳು. ನಾವು ಸಾಕುವುದು ನಾಟಿ ಕೋಳಿ. ಉತ್ತರ ಕರ್ನಾಟಕದ ಅಕ್ಕಂದಿರು ಇದನ್ನೇ ಜವಾರಿ ಕೋಳಿ ಅಂತಾರೆ. ಹೊಲ ಗಂಡಸರ ಹೆಸರಲ್ಲಿ ಇರುತ್ತೆ. ಹಸುವಿನ ಹಾಲಿನ ದುಡ್ಡು ಮನೆ ಖರ್ಚಿಗೆ ಹೋಗುತ್ತೆ. ಕೋಳಿ ದುಡ್ಡು ಮಾತ್ರ ನಮ್ಮದು. ಮೊಟ್ಟೆ ಮಾರಿದ ಹಣ ನಮ್ಮ ಸೀರೆ ಸೆರಗಿನ ಗಂಟಿನಲ್ಲಿ ಇರುತ್ತೆ. ಮಗುವಿಗೆ ಜ್ವರ ಬಂದರೆ ಅದೇ ದುಡ್ಡು. ಶಾಲೆಗೆ ಪುಸ್ತಕ ಬೇಕಾದರೆ ಅದೇ ದುಡ್ಡು. ಸಂಘಕ್ಕೆ ವಾರದ ಉಳಿತಾಯ ಕಟ್ಟುವುದೂ ಅದರಲ್ಲೇ. ಯಾರನ್ನೂ ಕೇಳಬೇಕಾಗಿಲ್ಲ.

ಅದಕ್ಕೇ ಕೋಳಿ ಸತ್ತರೆ ನಮಗೆ ಹೊಟ್ಟೆ ಉರಿಯುತ್ತೆ.

ಕೆಲವು ವರ್ಷದ ಹಿಂದಿನ ಮಾತು. ಧನುರ್ಮಾಸದ ಚಳಿ. ರಾಗಿ ಕೊಯ್ಲು ಮುಗಿದಿತ್ತು. ಬೆಳಿಗ್ಗೆ ಎದ್ದರೆ ಮಂಜು. ಎದುರು ಮನೆ ಕಾಣುತ್ತಿರಲಿಲ್ಲ. ನಮ್ಮಲ್ಲಿ ಒಬ್ಬರ ಮನೆಯಲ್ಲಿ ಹನ್ನೊಂದು ಮರಿ ಇದ್ದವು. ಮೂರು ವಾರದ ಮರಿಗಳು. ಪಾಪ, ಚಳಿ ಆಗುತ್ತೆ ಅಂತ ರಾತ್ರಿ ಮಂಕರಿ ಕವುಚಿದರು. ಅದರ ಮೇಲೆ ಗೊಬ್ಬರದ ಪ್ಲಾಸ್ಟಿಕ್ ಚೀಲ ಹೊದಿಸಿದರು. ಗಾಳಿ ನುಗ್ಗಬಾರದು ಅಂತ ಸುತ್ತ ಕಲ್ಲು ಇಟ್ಟರು. ಬೆಳಿಗ್ಗೆ ಮಂಕರಿ ಎತ್ತಿದರೆ ಏಳು ಮರಿ ಸತ್ತಿದ್ದವು. ಒಂದರ ಮೇಲೆ ಒಂದು ಬಿದ್ದಿದ್ದವು. ಮೈಯೆಲ್ಲಾ ಒದ್ದೆ.

"ಎಂಥಾ ಚಳಿ ನೋಡಿ, ಇಷ್ಟು ಹೊದಿಸಿದರೂ ಸತ್ತವು" ಅಂದುಕೊಂಡೆವು. ಪಶು ಆಸ್ಪತ್ರೆಯ ಡಾಕ್ಟರು ಹಸುವಿಗೆ ಸೂಜಿ ಹಾಕಲು ಅದೇ ದಿನ ಊರಿಗೆ ಬಂದಿದ್ದರು. ಅವರನ್ನು ಕರೆದು ತೋರಿಸಿದೆವು. ಅವರು ಮಂಕರಿ ಒಳಗೆ ಕೈ ಆಡಿಸಿದರು. ಕೈ ಒದ್ದೆ ಆಯಿತು. ಚೀಲದ ಒಳಗಡೆ ನೋಡಿದರು. ನೀರಿನ ಹನಿ ನಿಂತಿತ್ತು.

"ಇವು ಬರೀ ಚಳಿಗೆ ಸಾಯಲಿಲ್ಲಮ್ಮ" ಅಂದರು. "ಒದ್ದೆಗೆ ಸತ್ತವು. ಉಸಿರು ಕಟ್ಟಿ ಸತ್ತವು."

ಆ ಮಾತು ಮೊದಲು ನಮಗೆ ಅರ್ಥ ಆಗಲಿಲ್ಲ. ಆಮೇಲೆ ಕೇಳಿ, ಮಾಡಿ, ನೋಡಿ ತಿಳಿದುಕೊಂಡೆವು. ಅದನ್ನೇ ಇಲ್ಲಿ ಬರೆದಿದ್ದೇವೆ.

ಕೋಳಿಯ ಕಂಬಳಿ

ನಮ್ಮ ಮೈ ಬಿಸಿ ಸುಮಾರು 37 ಡಿಗ್ರಿ. ಕೋಳಿಯ ಮೈ ಬಿಸಿ 41 ಡಿಗ್ರಿ. ಜ್ವರ ಬಂದ ಮನುಷ್ಯನಿಗಿಂತ ಕೋಳಿ ಬಿಸಿ. ಅದನ್ನು ಕೈಯಲ್ಲಿ ಎತ್ತಿಕೊಂಡಾಗ ಬೆಚ್ಚಗೆ ಅನ್ನಿಸುವುದು ಅದಕ್ಕೇ.

ಈ ಬಿಸಿ ಹೊರಗೆ ಹೋಗದಂತೆ ತಡೆಯುವುದು ಪುಕ್ಕ. ಚಳಿಯಲ್ಲಿ ಕೋಳಿ ಮೈ ಉಬ್ಬಿಸಿ ಕೂರುತ್ತೆ. ನೀವು ನೋಡಿರುತ್ತೀರಿ. ಪುಕ್ಕ ಎದ್ದು ನಿಂತಾಗ ಅದರ ಸಂದಿಯಲ್ಲಿ ಗಾಳಿ ನಿಲ್ಲುತ್ತೆ. ಆ ಗಾಳಿ ಮೈಬಿಸಿಗೆ ಬೆಚ್ಚಗಾಗುತ್ತೆ. ನಾವು ಕಂಬಳಿ ಹೊದ್ದ ಹಾಗೆ. ಕೋಲಿನ ಮೇಲೆ ಕೂತ ಕೋಳಿ ತನ್ನ ಎದೆಪುಕ್ಕವನ್ನು ಕಾಲ್ಬೆರಳ ಮೇಲೆ ಇಳಿಬಿಡುತ್ತೆ. ಕಾಲಿಗೂ ಹೊದಿಕೆ ಆಯಿತು. ಹೀಗಾಗಿ ಚೆನ್ನಾಗಿ ತಿಂದ ದೊಡ್ಡ ಕೋಳಿ ನಮ್ಮ ಕಡೆಯ ಚಳಿಗೆ ಸುಲಭವಾಗಿ ಸಾಯಲ್ಲ. ನಮ್ಮಲ್ಲಿ ಪುಷ್ಯ ಮಾಸದ ರಾತ್ರಿ 12, 15 ಡಿಗ್ರಿಗೆ ಇಳಿಯುತ್ತೆ. ಕೆಲವು ರಾತ್ರಿ ಇನ್ನೂ ಕಡಿಮೆ. ಅಷ್ಟನ್ನು ಅದು ತಡೆಯುತ್ತೆ.

ಆದರೆ ಕಂಬಳಿ ಒದ್ದೆ ಆದರೆ ಏನಾಗುತ್ತೆ? ಹೊದ್ದರೂ ನಡುಕ. ಪುಕ್ಕವೂ ಹಾಗೇ. ಒದ್ದೆ ಆದ ಪುಕ್ಕ ಮೈಗೆ ಅಂಟುತ್ತೆ. ಒಳಗೆ ಗಾಳಿ ನಿಲ್ಲಲ್ಲ. ಮೈಬಿಸಿ ಹೊರಗೆ ಹೋಗುತ್ತೆ.

ಸರಿ, ಮಂಕರಿ ಒಳಗೆ ಮಳೆ ಬಂದಿರಲಿಲ್ಲ. ಒದ್ದೆ ಎಲ್ಲಿಂದ ಬಂತು? ಕೋಳಿಯ ಉಸಿರಿನಿಂದ ಬಂತು. ಚಳಿಗಾಲದ ಬೆಳಿಗ್ಗೆ ಮಾತಾಡಿದರೆ ನಮ್ಮ ಬಾಯಿಂದ ಹೊಗೆ ಬರುತ್ತೆ ನೋಡಿ. ಅದು ಹೊಗೆ ಅಲ್ಲ, ಉಸಿರಿನಲ್ಲಿ ಇರುವ ನೀರು. ಕೋಳಿ ರಾತ್ರಿಯೆಲ್ಲಾ ಉಸಿರಾಡುತ್ತೆ. ಅದರ ಹಿಕ್ಕೆಯಲ್ಲೂ ತುಂಬಾ ನೀರು ಇರುತ್ತೆ. ಕೋಳಿ ಬೇರೆಯಾಗಿ ಉಚ್ಚೆ ಹೊಯ್ಯಲ್ಲ. ಎಲ್ಲಾ ಹಿಕ್ಕೆಯ ಜೊತೆಗೇ ಬರುತ್ತೆ. ಪ್ಲಾಸ್ಟಿಕ್ ಮುಚ್ಚಿದರೆ ಈ ನೀರಿಗೆ ಹೋಗಲು ದಾರಿ ಇಲ್ಲ. ಮೇಲೆ ಹನಿ ಕಟ್ಟಿ ಮತ್ತೆ ಕೋಳಿಯ ಮೈಮೇಲೇ ತೊಟ್ಟಿಕ್ಕುತ್ತೆ.

ಇನ್ನೊಂದು ಇದೆ. ಒದ್ದೆ ಹಿಕ್ಕೆ ಕೊಳೆತು ಘಾಟು ಬರುತ್ತೆ. ಆ ಘಾಟು ಕೋಳಿಯ ಕಣ್ಣು, ಮೂಗು, ಪುಪ್ಪುಸವನ್ನು ಸುಡುತ್ತೆ. ಆಮೇಲೆ ನೆಗಡಿ, ಕೆಮ್ಮು, ಗೊರಗೊರ ಸದ್ದು. ನಾವು "ಕೋಳಿಗೆ ಶೀತ ಆಯಿತು" ಅನ್ನುತ್ತೇವೆ. ಇನ್ನೂ ಬಿಗಿಯಾಗಿ ಮುಚ್ಚುತ್ತೇವೆ. ರೋಗ ಇನ್ನೂ ಹೆಚ್ಚಾಗುತ್ತೆ.

ಬೆಳಿಗ್ಗೆ ಗೂಡಿನ ಬಾಗಿಲು ತೆಗೆದ ತಕ್ಷಣ ನಿಮ್ಮ ಮುಖ ಒಳಗೆ ಹಿಡಿಯಿರಿ. ಕಣ್ಣು ಉರಿಯಿತೇ? ಮೂಗಿಗೆ ಘಾಟು ಹೊಡೆಯಿತೇ? ಹಾಗಾದರೆ ಗೂಡಿಗೆ ಗಾಳಿ ಸಾಲದು. ನಮಗೆ ಒಂದು ಗಳಿಗೆ ತಡೆಯಲು ಆಗದ್ದನ್ನು ಕೋಳಿ ಹನ್ನೆರಡು ಗಂಟೆ ತಡೆದಿದೆ.

ಗೂಡು ಹೇಗಿರಬೇಕು

ಹೊಸ ಗೂಡಿಗೆ ದುಡ್ಡು ಸುರಿಯಬೇಕಾಗಿಲ್ಲ. ಇದ್ದ ಗೂಡನ್ನೇ ಸರಿಮಾಡಬಹುದು.

ಮೊದಲು ನೆಲ. ಕೋಳಿ ಬರೀ ಮಣ್ಣಿನ ಮೇಲೆ ಮಲಗಬಾರದು. ದೀಪಾವಳಿ ಆದ ಮೇಲೂ ನಮ್ಮ ಕಡೆ ಜಡಿಮಳೆ ಹಿಡಿಯುತ್ತೆ. ಸಮುದ್ರದಲ್ಲಿ ಚಂಡಮಾರುತ ಎದ್ದರೆ ಇಲ್ಲಿ ಮೂರು ದಿನ ಸೂರ್ಯ ಕಾಣಲ್ಲ. ಆಗ ನೆಲವೆಲ್ಲಾ ತೇವ. ಕಲ್ಲು, ಇಟ್ಟಿಗೆ ಕೊಟ್ಟು ಗೂಡನ್ನು ಒಂದು ಅಡಿ ಎತ್ತರಿಸಿ. ಇಲ್ಲವೇ ನೆಲದ ಮೇಲೆ ಎರಡು ಮೂರು ಇಂಚು ದಪ್ಪ ಭತ್ತದ ಹೊಟ್ಟು ಹರಡಿ. ಕಡಲೆಕಾಯಿ ಸಿಪ್ಪೆ ಆಗುತ್ತೆ. ಮರ ಕೊಯ್ಯುವ ಮಿಲ್ಲಿನ ಮರದ ಹೊಟ್ಟು, ಒಣಗಿದ ತರಗು ಕೂಡ ಆಗುತ್ತೆ. ಎರಡು ದಿನಕ್ಕೊಮ್ಮೆ ಕೋಲಿನಿಂದ ಕೆದಕಿ ಮೇಲೆ ಕೆಳಗೆ ಮಾಡಿ. ಒಂದು ಹಿಡಿ ಹೊಟ್ಟು ತೆಗೆದು ಮುಷ್ಟಿಯಲ್ಲಿ ಹಿಂಡಿ ನೋಡಿ. ಉಂಡೆ ಕಟ್ಟಿದರೆ ಒದ್ದೆ ಆಗಿದೆ, ಬದಲಿಸಿ. ಉದುರಿದರೆ ಇನ್ನೂ ಚೆನ್ನಾಗಿದೆ. ತೆಗೆದ ಹೊಟ್ಟನ್ನು ತಿಪ್ಪೆಗೆ ಹಾಕಿ. ಕೋಳಿ ಗೊಬ್ಬರ ಹಸುವಿನ ಗೊಬ್ಬರಕ್ಕಿಂತ ಖಾರ. ತಿಪ್ಪೆಯಲ್ಲಿ ಕೊಳೆತ ಮೇಲೆ ಹೊಲಕ್ಕೆ ಹಾಕಬೇಕು.

ಆಮೇಲೆ ಗಾಳಿ. ನಮ್ಮ ಕಡೆ ಚಳಿಗಾಲದಲ್ಲಿ ಮೂಡಲ ಗಾಳಿ ಬೀಸುತ್ತೆ. ಆ ಕಡೆಗೆ ಗೋಣಿಚೀಲ ಕಟ್ಟಿ. ಪ್ಲಾಸ್ಟಿಕ್ ಬೇಡ, ಗೋಣಿ. ಗೋಣಿ ಉಸಿರಾಡುತ್ತೆ. ಕೋಳಿ ಕೂತಾಗ ಅದರ ತಲೆ ಎಲ್ಲಿಗೆ ಬರುತ್ತೆ ನೋಡಿ. ಅಲ್ಲಿಯವರೆಗೆ ಗಾಳಿ ಹೊಡೆಯಬಾರದು. ಅದಕ್ಕಿಂತ ಮೇಲೆ, ಚಾವಣಿಯ ಕೆಳಗೆ, ನಾಲ್ಕು ಬೆರಳು ಅಗಲ ಬಿಟ್ಟುಬಿಡಿ. ಬೆಚ್ಚಗಿನ ಉಸಿರು ಮೇಲಕ್ಕೆ ಏರುತ್ತೆ. ಆ ಸಂದಿಯಿಂದ ಹೊರಗೆ ಹೋಗುತ್ತೆ. ಸಂದಿಗೆ ಜಾಲರಿ ಬಡಿಯಿರಿ. ಇಲ್ಲದಿದ್ದರೆ ಬೆಕ್ಕು, ಮುಂಗುಸಿ, ಹಾವಿಗೆ ನಾವೇ ಬಾಗಿಲು ತೆರೆದ ಹಾಗೆ.

ಬೆಳಿಗ್ಗೆ ಬಿಸಿಲು ಬಂದ ಮೇಲೆ ಗೋಣಿ ಎತ್ತಿ ಕಟ್ಟಿ. ಗೂಡಿಗೆ ಬಿಸಿಲು ಬೀಳಲಿ. ಬಿಸಿಲು ಬಿಟ್ಟಿ ಔಷಧಿ.

ಒಂದು ಮೊಳ ಉದ್ದ, ಒಂದು ಮೊಳ ಅಗಲದ ಜಾಗದಲ್ಲಿ ರಾತ್ರಿ ಎರಡು ಕೋಳಿ ಮಲಗಬಹುದು. ಅದಕ್ಕಿಂತ ಹೆಚ್ಚು ತುರುಕಬೇಡಿ. ಒಳಗೆ ಅಡ್ಡಲಾಗಿ ಒಂದು ಬಿದಿರಿನ ಗಳ ಕಟ್ಟಿದರೆ ಒಳ್ಳೆಯದು. ದೊಡ್ಡ ಕೋಳಿಗಳು ಅದರ ಮೇಲೆ ಕೂರುತ್ತವೆ. ಹಿಕ್ಕೆಯಿಂದ ದೂರ, ತೇವದಿಂದ ದೂರ. ರಾತ್ರಿ ನಿದ್ದೆಯಲ್ಲಿ ಬೀಳಲ್ಲವೇ ಅಂತ ನಮ್ಮಲ್ಲಿ ಒಬ್ಬರು ಕೇಳಿದರು. ಬೀಳಲ್ಲ. ಕೋಳಿ ಕಾಲು ಮಡಿಸಿ ಕೂತರೆ ಬೆರಳುಗಳು ತಾವಾಗಿಯೇ ಬಿಗಿಯುತ್ತವೆ.

ಮರಿಯ ಕಷ್ಟ ಬೇರೆ

ಇಷ್ಟು ಹೊತ್ತು ದೊಡ್ಡ ಕೋಳಿಯ ಮಾತು ಆಯಿತು. ಮರಿಗೆ ಪುಕ್ಕ ಇಲ್ಲ. ಬರೀ ನೂಲಿನಂಥ ತುಪ್ಪಳ. ಅದಕ್ಕೆ ತನ್ನ ಮೈಬಿಸಿ ಕಾಪಾಡಿಕೊಳ್ಳಲು ಬರಲ್ಲ. ಪುಕ್ಕ ತುಂಬಲು ನಾಲ್ಕರಿಂದ ಆರು ವಾರ ಬೇಕು. ಅಲ್ಲಿಯವರೆಗೆ ಬಿಸಿಯನ್ನು ಬೇರೆಯವರು ಕೊಡಬೇಕು.

ಎಲ್ಲಕ್ಕಿಂತ ಒಳ್ಳೆಯ ಬಿಸಿ ತಾಯಿಯ ರೆಕ್ಕೆ. ಅದಕ್ಕೇ ಚಳಿಗಾಲದಲ್ಲಿ ಕಾವಿಗೆ ಕೂರಿಸುವಾಗ ಆಸೆ ಕಡಿಮೆ ಮಾಡಿ. ಬೇಸಿಗೆಯಲ್ಲಿ ಹನ್ನೆರಡು ಮೊಟ್ಟೆ ಇಡುತ್ತಿದ್ದರೆ ಈಗ ಎಂಟು, ಒಂಬತ್ತು ಸಾಕು. ಮೊಟ್ಟೆಗಳೆಲ್ಲಾ ತಾಯಿಯ ಹೊಟ್ಟೆ ಕೆಳಗೆ ಪೂರ್ತಿ ಮುಚ್ಚಬೇಕು. ಅಂಚಿನಲ್ಲಿ ಉಳಿದ ಮೊಟ್ಟೆ ತಣ್ಣಗಾಗಿ ಕೆಡುತ್ತೆ. ತಾಯಿ ಮೊಟ್ಟೆ ಹೊರಳಿಸುವಾಗ ಒಳಗಿನದು ಅಂಚಿಗೆ ಬರುತ್ತೆ, ಅಂಚಿನದು ಒಳಗೆ ಹೋಗುತ್ತೆ. ಹೀಗೆ ಹೆಚ್ಚು ಮೊಟ್ಟೆ ಇಟ್ಟರೆ ಒಳ್ಳೆಯ ಮೊಟ್ಟೆಗಳೂ ಸರದಿಯಂತೆ ತಣ್ಣಗಾಗುತ್ತವೆ.

ಕೂರಿಸಿದ ದಿನವನ್ನು ಗೋಡೆಯ ಮೇಲೆ ಇದ್ದಿಲಿನಿಂದ ಬರೆಯಿರಿ. 21 ದಿನಕ್ಕೆ ಮರಿ ಆಗುತ್ತೆ. ಏಳನೇ ದಿನ ಕತ್ತಲಲ್ಲಿ ಮೊಬೈಲಿನ ಟಾರ್ಚ್ ಹಿಡಿದು ಮೊಟ್ಟೆ ನೋಡಿ. ಒಳಗೆ ಜೇಡರ ಕಾಲಿನ ಹಾಗೆ ಕೆಂಪು ನರ ಕಂಡರೆ ಮರಿ ಬೆಳೆಯುತ್ತಿದೆ. ಬರೀ ತಿಳಿಯಾಗಿ ಕಂಡರೆ ಅದು ಬರಡು. ತೆಗೆದುಬಿಡಿ. ಉಳಿದ ಮೊಟ್ಟೆಗಳಿಗೆ ಜಾಗ ಆಗುತ್ತೆ.

ಮರಿ ಆದ ಮೊದಲ ವಾರ ನಾವೆಲ್ಲಾ ಎಚ್ಚರ ಇರುತ್ತೇವೆ. ನಮ್ಮ ಕಣ್ಣು ತಪ್ಪುವುದು ಮೂರನೇ ವಾರದಲ್ಲಿ. ಆಗ ಮರಿ ದೊಡ್ಡದಾಗಿ ಕಾಣುತ್ತೆ. ಹಿತ್ತಲೆಲ್ಲಾ ಓಡಾಡುತ್ತೆ. ಆದರೆ ಪುಕ್ಕ ಪೂರ್ತಿ ಬಂದಿರಲ್ಲ. ತಾಯಿಯ ರೆಕ್ಕೆ ಕೆಳಗೆ ಎಲ್ಲಾ ಮರಿಗೂ ಜಾಗ ಸಾಲಲ್ಲ. ಹೊರಗೆ ಉಳಿದದ್ದು ಒಳಗೆ ನುಗ್ಗುತ್ತೆ. ಒಳಗಿನದು ಹೊರಗೆ ಬರುತ್ತೆ. ಕೊನೆಗೆ ಒಂದರ ಮೇಲೆ ಒಂದು ಹತ್ತುತ್ತವೆ. ಕೆಳಗೆ ಸಿಕ್ಕಿದ್ದು ಉಸಿರು ಕಟ್ಟಿ ಸಾಯುತ್ತೆ. ನಮ್ಮ ಮಂಕರಿಯ ಏಳು ಮರಿಗಳಿಗೂ ಹಾಗೇ ಆಗಿತ್ತು.

ಅಂಥ ರಾತ್ರಿಗಳಿಗೆ ನಾವು ಒಂದು ಉಪಾಯ ಮಾಡಿದ್ದೇವೆ. ಬಾಯಿ ಸಣ್ಣಗಿರುವ ಒಂದು ಬಿಂದಿಗೆ ತೆಗೆದುಕೊಳ್ಳುತ್ತೇವೆ. ಅದಕ್ಕೆ ಬಿಸಿನೀರು ತುಂಬಿ ಬಾಯಿ ಭದ್ರವಾಗಿ ಮುಚ್ಚುತ್ತೇವೆ. ಗೋಣಿ ಸುತ್ತಿ ಗೂಡಿನ ಮೂಲೆಯಲ್ಲಿ ಇಡುತ್ತೇವೆ. ನಡುರಾತ್ರಿಯವರೆಗೆ ಬೆಚ್ಚಗಿರುತ್ತೆ. ಮರಿಗಳು ಅದಕ್ಕೆ ಒರಗಿ ಮಲಗುತ್ತವೆ. ಗೋಣಿ ಮೇಲೆ ಕೈ ಇಟ್ಟು ನೋಡಿ. ನಿಮ್ಮ ಕೈಗೆ ಹಿತವಾಗಿದ್ದರೆ ಮರಿಗೂ ಹಿತ.

ಕೆಂಡದ ಮಡಕೆ ಮಾತ್ರ ಗೂಡಿನ ಒಳಗೆ ಇಡಬೇಡಿ. ಹಿಂದಿನವರು ಇಡುತ್ತಿದ್ದರು, ನಿಜ. ಆಗ ಗೂಡು ಅಂದರೆ ಸಂದಿ ಸಂದಿಯ ತಡಿಕೆ. ಈಗ ಶೀಟು, ಸಿಮೆಂಟು. ಮುಚ್ಚಿದ ಜಾಗದಲ್ಲಿ ಕೆಂಡ ಉರಿದರೆ ವಿಷಗಾಳಿ ಹುಟ್ಟುತ್ತೆ. ಅದಕ್ಕೆ ವಾಸನೆ ಇಲ್ಲ, ಬಣ್ಣ ಇಲ್ಲ. ಕೋಳಿ ಮಲಗಿದಲ್ಲೇ ಸಾಯುತ್ತೆ. ಮನೆಯ ಒಳಗೆ ಕೆಂಡ ಇಟ್ಟು ಬಾಗಿಲು ಹಾಕಿಕೊಂಡು ಮಲಗಿದರೆ ಮನುಷ್ಯರಿಗೂ ಅದೇ ಗತಿ. ಜೊತೆಗೆ ಹೊಟ್ಟಿಗೆ ಕಿಡಿ ಬಿದ್ದರೆ ಗೂಡು, ಬಣವೆ ಎರಡೂ ಹೋದವು.

ತಾಯಿ ಇಲ್ಲದ ಮರಿ ತಂದಿದ್ದರೆ ಬಲ್ಬು ಬೇಕೇ ಬೇಕು. ಗಿರಿರಾಜ ಕೋಳಿ ನಿಮಗೆ ಗೊತ್ತಿರಬೇಕು. ಬೆಂಗಳೂರಿನ ಹೆಬ್ಬಾಳದಲ್ಲಿ, ಕೃಷಿ ವಿಶ್ವವಿದ್ಯಾನಿಲಯದಲ್ಲಿ ಬೆಳೆಸಿದ ತಳಿ. ಅದರ ಮರಿಗಳು ಯಂತ್ರದ ಕಾವಿನಲ್ಲಿ ಹುಟ್ಟಿ ಬರುತ್ತವೆ. ಅವಕ್ಕೆ ತಾಯಿ ಇಲ್ಲ. ಮೊದಲ ವಾರ 35 ಡಿಗ್ರಿ ಬಿಸಿ ಬೇಕು. ಆಮೇಲೆ ವಾರಕ್ಕೆ ಮೂರು ಡಿಗ್ರಿ ಕಡಿಮೆ ಮಾಡುತ್ತಾ ಬರಬೇಕು. ಇಪ್ಪತ್ತು, ಮೂವತ್ತು ಮರಿಗೆ 60 ವ್ಯಾಟಿನ ಒಂದು ಬಲ್ಬು ಮರಿಯ ತಲೆಯಿಂದ ಒಂದು ಮೊಳ ಮೇಲೆ ತೂಗುಹಾಕಿ.

ಆದರೆ ಹುಷಾರು. ಹಳೇ ಕಾಲದ ಹಳದಿ ಬೆಳಕಿನ ಬಲ್ಬೇ ಬೇಕು. ಈಗ ಎಲ್ಲರ ಮನೆಯಲ್ಲೂ ಎಲ್‌ಇಡಿ ಬಲ್ಬು. ಅದು ಬೆಳಕು ಕೊಡುತ್ತೆ, ಬಿಸಿ ಕೊಡಲ್ಲ. ಬಲ್ಬು ಹಾಕಿದ್ದೆವಲ್ಲಾ, ಮರಿ ಯಾಕೆ ಸತ್ತವು ಅಂತ ಪಕ್ಕದ ಊರಿನ ಒಬ್ಬ ತಂಗಿ ಅತ್ತಿದ್ದಳು. ಹೋಗಿ ನೋಡಿದರೆ ಎಲ್‌ಇಡಿ.

ಬಿಸಿ ಅಳೆಯಲು ನಮ್ಮ ಹತ್ತಿರ ಯಂತ್ರ ಇಲ್ಲ. ಮರಿಗಳೇ ಹೇಳುತ್ತವೆ. ಎಲ್ಲಾ ಬಲ್ಬಿನ ಕೆಳಗೆ ಗುಂಪಾಗಿ ಚಿಯ್ ಚಿಯ್ ಅಂತಿದ್ದರೆ ಚಳಿ. ಬಲ್ಬು ಇಳಿಸಿ. ದೂರ ಓಡಿ ಬಾಯಿ ತೆರೆದು ಏದುಸಿರು ಬಿಡುತ್ತಿದ್ದರೆ ಸೆಕೆ. ಬಲ್ಬು ಎತ್ತರಿಸಿ. ಎಲ್ಲಾ ಕಡೆ ಹರಡಿಕೊಂಡು ಮೇಯುತ್ತಿದ್ದರೆ ಸರಿಯಾಗಿದೆ.

ಹೊಟ್ಟೆ ತುಂಬಿದ್ದರೆ ಮೈ ಬೆಚ್ಚಗೆ

ಚಳಿಗಾಲದಲ್ಲಿ ಹಿತ್ತಲಲ್ಲಿ ಹುಳ ಹುಪ್ಪಟೆ ಕಡಿಮೆ. ಹಸಿರು ಹುಲ್ಲೂ ಕಡಿಮೆ. ಆದರೆ ಕೋಳಿಗೆ ಹಸಿವು ಹೆಚ್ಚು. ಮೈಬಿಸಿ ಉಳಿಸಿಕೊಳ್ಳಲು ಅದಕ್ಕೆ ಹೆಚ್ಚು ಮೇವು ಬೇಕು. ಕಣದಲ್ಲಿ ರಾಗಿ ಬಡಿಯುವಾಗ ಅದು ಆಯ್ದು ತಿನ್ನುತ್ತೆ. ಕಣ ಎತ್ತಿದ ಮೇಲೆ ನಾವೇ ಕೊಡಬೇಕು.

ನಾವು ಬೆಳಿಗ್ಗೆ ಕಾಳು ಎರಚುತ್ತೇವೆ, ಸಂಜೆ ಮರೆಯುತ್ತೇವೆ. ಸಂಜೆಯದೇ ಮುಖ್ಯ. ಗೂಡಿಗೆ ಸೇರುವ ಅರ್ಧ ಗಂಟೆ ಮೊದಲು ಒಂದು ಕೋಳಿಗೆ ಒಂದು ಹಿಡಿ ಕಾಳು ಹಾಕಿ. ರಾಗಿ, ಜೋಳ, ಒಡೆದ ಮುಸುಕಿನ ಜೋಳ, ಅಕ್ಕಿ ನುಚ್ಚು, ಯಾವುದಾದರೂ ಸರಿ. ಅದು ರಾತ್ರಿಯೆಲ್ಲಾ ನಿಧಾನವಾಗಿ ಅರಗುತ್ತೆ. ಅರಗುವಾಗ ಮೈಗೆ ಬಿಸಿ ಕೊಡುತ್ತೆ. ಕತ್ತಲಲ್ಲಿ ಕೋಳಿಯ ಕುತ್ತಿಗೆ ಕೆಳಗಿನ ಚೀಲ ಮುಟ್ಟಿ ನೋಡಿ. ಕಾಳು ತುಂಬಿ ಗಟ್ಟಿಯಾಗಿದ್ದರೆ ಆ ರಾತ್ರಿ ಚಿಂತೆ ಇಲ್ಲ.

ಬೂಷ್ಟು ಹಿಡಿದ ಕಾಳನ್ನು ಕೋಳಿಗೆ ಹಾಕಬೇಡಿ. ಮಳೆಗೆ ನೆಂದ ಮುಸುಕಿನ ಜೋಳ, ಕಡಲೆಕಾಯಿ, ಹಿಂಡಿಯಲ್ಲಿ ಬೂಷ್ಟು ಬೆಳೆಯುತ್ತೆ. ನಾವು ತಿನ್ನಲ್ಲ, ಕೋಳಿಗಾದರೂ ಆಗಲಿ ಅಂತ ಎರಚುತ್ತೇವೆ. ಆ ಬೂಷ್ಟಿನಲ್ಲಿ ವಿಷ ಇರುತ್ತೆ. ಅದು ಕೋಳಿಯ ಈಲಿಯನ್ನು ಕೆಡಿಸುತ್ತೆ. ತೊಳೆದರೂ, ಬೇಯಿಸಿದರೂ ಆ ವಿಷ ಹೋಗಲ್ಲ.

ಮೊಟ್ಟೆ ಇಡುವ ಕೋಳಿಗೆ ಸುಣ್ಣದ ಅಂಶ ಬೇಕು. ಕಪ್ಪೆಚಿಪ್ಪು ಕುಟ್ಟಿ ಇಡಿ. ಮೊಟ್ಟೆ ಸಿಪ್ಪೆಯನ್ನು ಹುರಿದು ಪುಡಿಮಾಡಿ ಹಾಕಬಹುದು. ನುಗ್ಗೆ ಸೊಪ್ಪು ಕಟ್ಟಿ ತೂಗುಹಾಕಿದರೆ ಹಾರಿ ಹಾರಿ ತಿನ್ನುತ್ತವೆ. ಅವರೆಕಾಯಿ ಕಾಲದಲ್ಲಿ ಸೊಗಡವರೆಯ ಹುಳ ನಮಗೆ ಬೇಡ, ಕೋಳಿಗೆ ಹಬ್ಬ. ಬೆಳಿಗ್ಗೆ ಕುಡಿಯಲು ಉಗುರುಬೆಚ್ಚನೆ ನೀರು ಇಡಿ. ತಣ್ಣಗೆ ಕೊರೆಯುವ ನೀರನ್ನು ಕೋಳಿ ಕಡಿಮೆ ಕುಡಿಯುತ್ತೆ. ಕಡಿಮೆ ಕುಡಿದರೆ ಕಡಿಮೆ ತಿನ್ನುತ್ತೆ.

ಇಷ್ಟೆಲ್ಲಾ ಮಾಡಿದರೂ ಚಳಿಗಾಲದಲ್ಲಿ ಮೊಟ್ಟೆ ಕಡಿಮೆ ಆಗುತ್ತೆ. ಕೋಳಿಗೆ ಯಾರೋ ಮಾಟ ಮಾಡಿದರು ಅನ್ನಬೇಡಿ. ಚೆನ್ನಾಗಿ ಮೊಟ್ಟೆ ಇಡಲು ಕೋಳಿಗೆ ಹೆಚ್ಚು ಹೊತ್ತು ಬೆಳಕು ಬೇಕು. ಡಿಸೆಂಬರಿನಲ್ಲಿ ನಮ್ಮ ಹಗಲು ಹನ್ನೊಂದೂವರೆ ಗಂಟೆಗಿಂತ ಕಡಿಮೆ. ನಾಟಿ ಕೋಳಿ ವರ್ಷಕ್ಕೆ ಇಡುವುದೇ ಐವತ್ತು, ಅರವತ್ತು ಮೊಟ್ಟೆ. ಹಗಲು ಬೆಳೆದಂತೆ ಅದು ಮತ್ತೆ ಇಡುತ್ತೆ. ಮೊಟ್ಟೆ ನಿಲ್ಲಿಸಿತು ಅಂತ ಒಳ್ಳೆಯ ಹ್ಯಾಟೆಯನ್ನು ಸಂಕ್ರಾಂತಿಗೇ ಮಾರಿಬಿಡಬೇಡಿ.

ಕೊಕ್ಕರೆ ರೋಗ

ಈಗ ದೊಡ್ಡ ಶತ್ರುವಿನ ಮಾತು. ಗೂಡು ಸರಿ ಇದ್ದರೂ, ಮೇವು ಸರಿ ಇದ್ದರೂ ಇದು ಬಿಡಲ್ಲ. ನಾವು "ಕೋಳಿಗೆ ಮಾರಿ ಬಂತು" ಅನ್ನುತ್ತೇವಲ್ಲ, ಹೆಚ್ಚು ಸಲ ಅದು ಇದೇ. ಓದಿದವರು ರಾಣಿಖೇತ್ ರೋಗ ಅಂತಾರೆ. ಕೋಳಿ ಜೋಲುತ್ತೆ. ಬಾಯಿ ತೆರೆದು ಉಸಿರಾಡುತ್ತೆ. ಹಸಿರು, ಬಿಳಿ ಬಣ್ಣದ ನೀರು ಹಿಕ್ಕೆ ಹಾಕುತ್ತೆ. ಕೆಲವಕ್ಕೆ ಕುತ್ತಿಗೆ ತಿರುಚಿಕೊಳ್ಳುತ್ತೆ. ಒಂದು ವಾರದಲ್ಲಿ ಓಣಿಗೆ ಓಣಿಯೇ ಖಾಲಿ.

ಇದು ಚಳಿಗಾಲದಲ್ಲೇ ಬರಬೇಕು ಅಂತ ಇಲ್ಲ. ಯಾವಾಗ ಬೇಕಾದರೂ ಬರುತ್ತೆ. ಆದರೆ ಚಳಿ, ಹಸಿವು, ಒದ್ದೆಯಿಂದ ಸೊರಗಿದ ಕೋಳಿಗೆ ಅದನ್ನು ತಡೆಯಲು ಶಕ್ತಿ ಇರಲ್ಲ. ಬಂದ ಮೇಲೆ ಇದಕ್ಕೆ ಔಷಧಿ ಇಲ್ಲ. ಬೆಳ್ಳುಳ್ಳಿ, ಮೆಣಸು, ಈರುಳ್ಳಿ ತಿನ್ನಿಸಿ ನಾವೂ ನೋಡಿದ್ದೇವೆ. ಉಳಿಯಲಿಲ್ಲ. ಬರುವ ಮೊದಲೇ ಲಸಿಕೆ ಹಾಕಿಸಬೇಕು, ಅಷ್ಟೇ.

ಮರಿ ಹುಟ್ಟಿದ ಐದರಿಂದ ಏಳು ದಿನದ ಒಳಗೆ ಕಣ್ಣಿಗೆ ಅಥವಾ ಮೂಗಿಗೆ ಒಂದು ಹನಿ. ನಾಲ್ಕು ವಾರಕ್ಕೆ ಮತ್ತೆ ಒಂದು ಹನಿ. ಎಂಟು ವಾರಕ್ಕೆ ರೆಕ್ಕೆಯ ಕೆಳಗೆ ಸೂಜಿ. ಮುಂದೆ ಯಾವಾಗ ಹಾಕಿಸಬೇಕು ಅಂತ ಡಾಕ್ಟರು ಹೇಳುತ್ತಾರೆ. ಆರೋಗ್ಯವಾಗಿರುವ ಕೋಳಿಗೆ ಮಾತ್ರ ಹಾಕಿಸಿ.

ಇದರಲ್ಲಿ ಒಂದು ತೊಡಕು ಇದೆ. ಲಸಿಕೆ ಚಿಕ್ಕ ಸೀಸೆಯಲ್ಲಿ ಬರುತ್ತೆ. ಸಾಮಾನ್ಯವಾಗಿ ಒಂದು ಸೀಸೆ 100 ಕೋಳಿಗೆ, ಇಲ್ಲವೇ ಇನ್ನೂ ಹೆಚ್ಚು ಕೋಳಿಗೆ ಆಗುತ್ತೆ. ನೀರು ಬೆರೆಸಿದ ಮೇಲೆ ಎರಡು ಗಂಟೆಯ ಒಳಗೆ ಮುಗಿಸಬೇಕು. ಆಮೇಲೆ ಅದು ಬರೀ ನೀರು. ನಮ್ಮ ಮನೆಯಲ್ಲಿ ಇರುವುದು ಆರು ಕೋಳಿ. ಆರು ಕೋಳಿಗೆ ಒಂದು ಸೀಸೆ ಯಾರು ಒಡೆಯುತ್ತಾರೆ? ಹೀಗೆ ಎಷ್ಟೋ ವರ್ಷ ನಮ್ಮ ಊರಿನ ಕೋಳಿಗೆ ಲಸಿಕೆಯೇ ಬೀಳಲಿಲ್ಲ.

ಆಮೇಲೆ ಸಂಘದಲ್ಲಿ ಕೂತು ಲೆಕ್ಕ ಹಾಕಿದೆವು. ಯಾರ ಮನೆಯಲ್ಲಿ ಎಷ್ಟು ಕೋಳಿ, ಎಷ್ಟು ಮರಿ ಅಂತ ಒಂದು ಹಾಳೆಯಲ್ಲಿ ನಾವೇ ಬರೆದೆವು. ಇಪ್ಪತ್ತೆರಡು ಮನೆ ಸೇರಿ ನೂರ ಮೂವತ್ತು ಕೋಳಿ! ಆ ಹಾಳೆ ಹಿಡಿದು ಇಬ್ಬರು ಪಶು ಆಸ್ಪತ್ರೆಗೆ ಹೋದರು. ದಿನ ಗೊತ್ತುಮಾಡಿಕೊಂಡು ಬಂದರು. ಆ ದಿನ ಯಾರೂ ಬೆಳಿಗ್ಗೆ ಕೋಳಿ ಬಿಡಲಿಲ್ಲ. ಬೆಳಕು ಹರಿಯುವ ಹೊತ್ತಿಗೆ ಗೂಡಿನಿಂದ ಒಂದೊಂದಾಗಿ ಹಿಡಿದು ಕೊಟ್ಟೆವು. ಒಂದು ಗಂಟೆಯಲ್ಲಿ ಕೆಲಸ ಮುಗಿಯಿತು. ಓಣಿಯಲ್ಲಿ ಒಬ್ಬರು ಹಾಕಿಸಿ ಒಬ್ಬರು ಬಿಟ್ಟರೆ ರೋಗ ಬಿಟ್ಟವರ ಮನೆಯಲ್ಲಿ ಬೀಡು ಬಿಡುತ್ತೆ. ಅದಕ್ಕೇ ಬರಲ್ಲ ಅಂದ ಇಬ್ಬರ ಮನೆಗೆ ನಾವೇ ಹೋಗಿ, ನಾವೇ ಕೋಳಿ ಹಿಡಿದೆವು. ಒಬ್ಬ ಅಜ್ಜಿ ಬೈದರು. ಬೈಯಲಿ ಬಿಡಿ.

ಲಸಿಕೆ ತರುವಾಗ ಐಸ್ ಹಾಕಿದ ಫ್ಲಾಸ್ಕಿನಲ್ಲಿ ತನ್ನಿ. ಬಿಸಿಲಿಗೆ ಹಿಡಿದರೆ ಕೆಡುತ್ತೆ. ಸೀಸೆಯ ಮೇಲೆ ಒಂದು ತಾರೀಖು ಇರುತ್ತೆ, ಯಾವ ತಿಂಗಳು, ಯಾವ ವರ್ಷದವರೆಗೆ ಆಗುತ್ತೆ ಅಂತ. ಅದನ್ನು ಓದಿ ನೋಡಿ. ಅಂಕಿ ಓದಲು ನಮಗೆ ಈಗ ಬರುತ್ತೆ. ಓದಿದರೆ ಯಾರೂ ತಪ್ಪು ತಿಳಿಯಲ್ಲ. ತಿಳಿದರೂ ಓದಿ.

ಸತ್ತ ಕೋಳಿ, ಸಂತೆ ಕೋಳಿ

ಒಂದು ಮಾತು ಹೇಳಲು ನಮಗೇ ನಾಚಿಕೆ. ಕೋಳಿಗೆ ಕಾಯಿಲೆ ಬಂತು ಅಂದರೆ ನಾವು ಏನು ಮಾಡುತ್ತೇವೆ? ಉಳಿದದ್ದನ್ನು ಬೇಗ ಸಂತೆಗೆ ಒಯ್ದು ಅಗ್ಗಕ್ಕೆ ಮಾರುತ್ತೇವೆ. ಅಲ್ಲಿ ಇನ್ನೊಬ್ಬ ಅಕ್ಕ ಅಗ್ಗಕ್ಕೆ ಸಿಕ್ಕಿತು ಅಂತ ಕೊಳ್ಳುತ್ತಾಳೆ. ಹತ್ತು ದಿನದಲ್ಲಿ ಅವಳ ಹಿತ್ತಲೂ ಖಾಲಿ. ಆ ಅಕ್ಕನೂ ನಮ್ಮ ಹಾಗೇ ಮೊಟ್ಟೆ ದುಡ್ಡು ನಂಬಿಕೊಂಡವಳು. ಆದ್ದರಿಂದ ಕಾಯಿಲೆ ಬಂದ ಮನೆಯಿಂದ ಕೋಳಿ ಮಾರುವುದಿಲ್ಲ ಅಂತ ನಮ್ಮ ಸಂಘದಲ್ಲಿ ಮಾತು ಮಾಡಿಕೊಂಡಿದ್ದೇವೆ. ಎಲ್ಲರೂ ಪಾಲಿಸುತ್ತಾರೆ ಅಂತ ಹೇಳಲು ಆಗಲ್ಲ. ಬಹಳ ಜನ ಪಾಲಿಸುತ್ತಾರೆ.

ನೀವು ಸಂತೆಯಿಂದ ಕೋಳಿ ತಂದರೆ ನೇರವಾಗಿ ಹಿಂಡಿಗೆ ಬಿಡಬೇಡಿ. ಎರಡು ಮೂರು ವಾರ ಬೇರೆ ಕಟ್ಟಿಹಾಕಿ. ಅದಕ್ಕೆ ಬೇರೆ ನೀರು, ಬೇರೆ ಕಾಳು. ನಿಮ್ಮ ಕೋಳಿಗೆ ಮೊದಲು ಮೇವು ಹಾಕಿ, ಅದಕ್ಕೆ ಕೊನೆಗೆ ಹಾಕಿ. ಆಮೇಲೆ ಕೈ ತೊಳೆಯಿರಿ.

ಸತ್ತ ಕೋಳಿಯನ್ನು ಕೆರೆಗೆ, ತಿಪ್ಪೆಗೆ ಎಸೆಯಬೇಡಿ. ನಾಯಿ ಎಳೆದಾಡಿ ಊರಿಗೆಲ್ಲಾ ಹಂಚುತ್ತೆ. ಮೂರು ಅಡಿ ಗುಂಡಿ ತೆಗೆದು, ಸುಣ್ಣ ಹಾಕಿ ಹೂಳಿ. ತಾನಾಗಿ ಸತ್ತ ಕೋಳಿಯನ್ನು ಸಾರು ಮಾಡಬೇಡಿ. ಹಲವು ಕೋಳಿ ಒಟ್ಟಿಗೆ ಸತ್ತರೆ ಬರೀ ಕೈಯಿಂದ ಮುಟ್ಟಬೇಡಿ. ಮಕ್ಕಳನ್ನು ದೂರ ಇಡಿ. ಪಶು ಆಸ್ಪತ್ರೆಗೆ ಅದೇ ದಿನ ತಿಳಿಸಿ. ಹಕ್ಕಿಜ್ವರವೂ ನೋಡಲು ಕೊಕ್ಕರೆ ರೋಗದ ಹಾಗೇ ಇರುತ್ತೆ. 2025ರ ಫೆಬ್ರವರಿಯಲ್ಲಿ ನಮ್ಮ ಚಿಕ್ಕಬಳ್ಳಾಪುರ ತಾಲ್ಲೂಕಿನ ಒಂದು ಹಳ್ಳಿಯಲ್ಲೇ ಅದು ಬಂದಿತ್ತು. ಯಾವ ರೋಗ ಅಂತ ಕಣ್ಣಿನಿಂದ ನೋಡಿ ಹೇಳಲು ಆಗಲ್ಲ. ಪರೀಕ್ಷೆಯೇ ಆಗಬೇಕು.

ಚಿಕ್ಕಪುಟ್ಟ ಕಾಟಗಳಿಗೆ ಮನೆಯಲ್ಲೇ ಮದ್ದು ಇದೆ. ಹೇನು ಆದ ಕೋಳಿ ಮೈ ಕೆರೆದುಕೊಳ್ಳುತ್ತಾ ಸೊರಗುತ್ತೆ. ಚಳಿಗಾಲದಲ್ಲಿ ನೆಲ ಒದ್ದೆ ಇದ್ದರೆ ಅದಕ್ಕೆ ಮಣ್ಣಿನಲ್ಲಿ ಹೊರಳಲು ಜಾಗ ಸಿಗಲ್ಲ. ಒಂದು ಹಳೇ ಬಾಣಲಿಯಲ್ಲಿ ಒಲೆಯ ತಣ್ಣನೆ ಬೂದಿ, ಒಣ ಮಣ್ಣು ಬೆರೆಸಿ ಮಳೆ ಬೀಳದ ಕಡೆ ಇಡಿ. ಅದೇ ಬಂದು ಸ್ನಾನ ಮಾಡುತ್ತೆ. ಮುಖ, ಜುಟ್ಟಿನ ಮೇಲೆ ಸಿಡುಬಿನ ಗುಳ್ಳೆ ಎದ್ದರೆ ಕೀಳಬೇಡಿ. ಅರಿಶಿನವನ್ನು ಬೇವಿನ ಎಣ್ಣೆಯಲ್ಲಿ ಕಲಸಿ ಹಚ್ಚಿ. ಸಿಡುಬನ್ನು ಹರಡುವುದು ಸೊಳ್ಳೆ. ಗೂಡಿನ ಹತ್ತಿರ ನೀರು ನಿಲ್ಲಿಸಬೇಡಿ.

ನಮ್ಮ ಗೂಡಿನ ಪಕ್ಕದ ಗೋಡೆಯ ಮೇಲೆ ಈಗ ಮೂರು ಸಾಲು ಬರೆದಿದೆ. ಕಾವಿಗೆ ಕೂರಿಸಿದ ದಿನ. ಲಸಿಕೆ ಹಾಕಿಸಿದ ದಿನ. ಅದರ ಕೆಳಗೆ 1962, ಪಶುಗಳ ಚಿಕಿತ್ಸೆಗೆ ಫೋನು ಮಾಡುವ ನಂಬರು. ಮಳೆಗೆ ಇದ್ದಿಲು ಅಳಿಸಿದರೆ ಮತ್ತೆ ಬರೆಯುತ್ತೇವೆ. ಶಿವರಾತ್ರಿಗೆ ಶಿವ ಶಿವಾ ಅಂತ ಚಳಿ ಹೋದ ಮೇಲೆ ಗೋಣಿಚೀಲ ಬಿಚ್ಚಿ, ಒಗೆದು, ಒಣಗಿಸಿ ಅಟ್ಟಕ್ಕೆ ಹಾಕುತ್ತೇವೆ. ಇಲಿ ಕಡಿಯದಂತೆ ಸುತ್ತಿ ಇಡಬೇಕು. ಮುಂದಿನ ದೀಪಾವಳಿಗೆ ಅದೇ ಗೋಣಿ ಬೇಕಾಗುತ್ತೆ.